ರವಿವಾರ ಓದಬೇಡ, ಮಧುಮತಿ

ಅಬುಧಾಬಿ
೧೧ ಡಿಸೆಂಬರ್ ೨೦೨೫, ಗುರುವಾರ

ಚಿರಂಜೀವಿ ಮಧುಮತಿಗೆ ಅಜ್ಜನ ಆಶೀರ್ವಾದಗಳು.

ಹಿಂದಿನ ಪತ್ರದೊಡನೆ ಕಳುಹಿಸಿದ ಚಳಿಗಾಲದ ರಜೆಯ ಓದಿನ ವೇಳಾಪಟ್ಟಿಯಲ್ಲಿ ನಾನು ತಪ್ಪಿದ್ದೇನೆ, ಕ್ಷಮಿಸು. ಶುಕ್ರವಾರ, ಶನಿವಾರಗಳನ್ನು ವಿಶ್ರಾಂತಿಗೆ ಬಿಟ್ಟು, ಅತಿ ಕಠಿಣವಾದ ಪಾಠಗಳನ್ನೆಲ್ಲ ರವಿವಾರಕ್ಕೆ ಇಟ್ಟಿದ್ದೆ. ಈ ನಾಡಿನಲ್ಲಿ ನಾನು ದುಡಿದಷ್ಟು ಕಾಲವೂ ರಜೆ ಶುಕ್ರವಾರವೇ ಇತ್ತು. ರವಿವಾರ ಕೆಲಸಕ್ಕೆ ಹೋಗುತ್ತಿದ್ದೆವು. ರಜೆ ಶನಿವಾರ, ರವಿವಾರಗಳಿಗೆ ಸರಿದು ವರ್ಷಗಳು ಕಳೆದರೂ ನನ್ನ ಕೈ ಹಳೆಯ ವಾರವನ್ನೇ ಬರೆಯಿತು. ನಿನ್ನ ಅಪ್ಪ ಪಟ್ಟಿಯನ್ನು ಓದಿ, "ಅಪ್ಪಾ, ನೀವು ರಿಟೈರ್ ಆದ್ರಿ, ನಿಮ್ಮ ಶುಕ್ರವಾರ ಇನ್ನೂ ಆಗಿಲ್ಲ ನೋಡ್ರಿ!" ಎಂದು ದೂರವಾಣಿಯಲ್ಲಿ ನಕ್ಕ.

ನೀನು ನಗಲಿಲ್ಲ. "ಅಜ್ಜಾ, ಅಪ್ಪ ರುವೈಸಿನ ಕೆಲಸದಿಂದ ಮನಿಗೆ ಬರೋದ ವಾರಕ್ಕ ಎರಡು ದಿನ, ಶನಿವಾರ, ರವಿವಾರ. ನಾ ಬಾಗಿಲಾ ಹಾಕ್ಕೊಂಡು ಓದಾಕ ಕುಂತ್ರ, ಅವರು ಹೊರಗ ಟಿವಿ ಸೌಂಡ್ ಬಂದ್ ಮಾಡಿ ಕುಂಡ್ರತಾರ. ಒಂದು ಸಾಲೂ ತಲ್ಯಾಗ ಹೋಗಂಗಿಲ್ಲ," ಎಂದೆ. ಕೊನೆಗೆ, "ಯಲ್ಲಾ ಅಜ್ಜಾ, ಹೊಸಾ ಟೈಮ್‌ಟೇಬಲ್ ಕಳಸ್ರಿ," ಎಂದೆ. ಅರಬ್ಬರ 'ಯಲ್ಲಾ'ದಿಂದ ಹೊರಟು ಇಂಗ್ಲಿಷಿನ 'ಟೈಮ್‌ಟೇಬಲ್' ಮುಟ್ಟಿದ ಆ ವಾಕ್ಯದಲ್ಲಿ ಕನ್ನಡವೆಷ್ಟು ಎಂಬ ವಿಚಾರಣೆಯನ್ನು ಪರೀಕ್ಷೆ ಮುಗಿಯುವವರೆಗೆ ಮುಂದೂಡಿದ್ದೇನೆ.

ಜೂನ್ ತಿಂಗಳಿನಲ್ಲಿ ಶರೀರಕ್ರಿಯಾಶಾಸ್ತ್ರದಲ್ಲಿ ಅನುತ್ತೀರ್ಣಳಾದೆ. ಜನವರಿಯ ಮರುಪರೀಕ್ಷೆಯೂ ಕೈತಪ್ಪಿದರೆ ವೈದ್ಯಕೀಯ ವ್ಯಾಸಂಗದ ಒಂದು ವರ್ಷವೇ ನಷ್ಟ. ನಿನ್ನ ತಾಯಿ ಹರಕೆ ಹೊತ್ತಿದ್ದಾಳೆ. ನಾನು ಹೊತ್ತಿಲ್ಲ, ಅದರ ಅಗತ್ಯ ನನಗೆ ಕಾಣಲಿಲ್ಲ. ನೀನು ಇಡೀ ಗ್ರಂಥವನ್ನು ಕೊನೆಯ ವಾರಕ್ಕೆ ಉಳಿಸಿಕೊಂಡೆ, ಆದ್ದರಿಂದ ಸೋತೆ. ಬುದ್ಧಿ ನಿನಗೆ ಬೇಕಾದಷ್ಟಿದೆ.

ಬೆಳಿಗ್ಗೆ ಎದ್ದೊಡನೆ ಕಠಿಣ ಪಾಠವನ್ನು ಓದು. ಮಧ್ಯಾಹ್ನ ಪುಸ್ತಕ ಮುಚ್ಚಿ ಚಿತ್ರಗಳನ್ನು ಬರೆ. ಸಂಜೆ ಅಡುಗೆಮನೆಯಲ್ಲಿ ನಿಂತು, ಓದಿದ್ದನ್ನು ತಾಯಿಗೆ ಕನ್ನಡದಲ್ಲಿ ವಿವರಿಸು. ಆಕೆಗೆ ತಿಳಿಯದಿದ್ದರೆ ನಿನಗೂ ತಿಳಿದಿಲ್ಲವೆಂದೇ ಭಾವಿಸು. ಚರವಾಣಿ ಅವಳ ವಶದಲ್ಲಿರಲಿ. ಅಪ್ಪ ಬಂದ ದಿನಗಳಲ್ಲಿ ಪುಸ್ತಕವನ್ನು ಮುಟ್ಟಬೇಡ. ಅವನೊಡನೆ ನಿಮ್ಮ ಬಡಾವಣೆ ಡಿಸ್ಕವರಿ ಗಾರ್ಡನ್ಸ್‌ನ ಬೀದಿಗಳಲ್ಲಿ ಅಡ್ಡಾಡು. ಇದನ್ನೂ ಪಾಠದಷ್ಟೇ ನಿಷ್ಠೆಯಿಂದ ಪಾಲಿಸತಕ್ಕದ್ದು.

ನಾಳೆ ದುಬೈಗೆ ಬರುವ ದಾರಿಯಲ್ಲಿ ನಿನ್ನ ಅಪ್ಪ ಇಲ್ಲಿ ನಾನಿರುವ ನಿನ್ನ ಸೋದರತ್ತೆಯ ಮನೆಗೆ ಬಂದು ಈ ಪತ್ರವನ್ನು ಒಯ್ಯುತ್ತಾನೆ. ನೀನು ಗೆಲ್ಲುವೆ. ನಿನ್ನ ಕೈಗುಣದಿಂದ ಹಲವರ ಆಯುಷ್ಯ ಬೆಳೆಯಲಿ.

ಇಂತು ನಿನ್ನ ಅಜ್ಜ,
ಮುರುಗೆಪ್ಪ

ತಿದ್ದಿದ ದಿನಾಂಕಗಳು:
ಡಿಸೆಂಬರ್ ೧೫, ಸೋಮವಾರದಿಂದ ೧೯, ಶುಕ್ರವಾರದವರೆಗೆ: ಹೃದಯ, ರಕ್ತಪರಿಚಲನೆ.
ಡಿಸೆಂಬರ್ ೨೦, ೨೧: ಅಪ್ಪ.
ಡಿಸೆಂಬರ್ ೨೨ರಿಂದ ೨೬: ಶ್ವಾಸಕೋಶ, ಮೂತ್ರಪಿಂಡ.
ಡಿಸೆಂಬರ್ ೨೭, ೨೮: ಅಪ್ಪ.
ಡಿಸೆಂಬರ್ ೨೯ರಿಂದ ಜನವರಿ ೨: ನರಮಂಡಲ.
ಜನವರಿ ೩, ಶನಿವಾರ: ಪುನರಾವರ್ತನೆ. ಪ್ರಶ್ನೆ ಕೇಳುವವನು ಅಪ್ಪ.
ಜನವರಿ ೪, ರವಿವಾರ: ವಿಶ್ರಾಂತಿ, ಬೇಗನೆ ನಿದ್ರೆ.
ಜನವರಿ ೫, ಸೋಮವಾರ: ಪರೀಕ್ಷೆ. ಅಪ್ಪ ಅಂದು ರುವೈಸಿಗೆ ಮರಳುವುದಿಲ್ಲ, ರಜೆ ಪಡೆದಿದ್ದಾನೆ. ನಿನ್ನನ್ನು ಕಾಲೇಜಿನ ಬಾಗಿಲಿಗೆ ಬಿಡುವವನು ಅವನೇ.