ಒಂದೇ ಸಲ ಕೇಳಿದರು

ಯಮನೂರು
20-7-1986

ದೇವಿಕೊಪ್ಪದ ಅಣ್ಣ ಮಡಿವಾಳೆಪ್ಪನಿಗೆ ತಂಗಿ ರೇವವ್ವನ ಶರಣು.

ನಾವು ಆರಾಮ ಇದ್ದೇವೆ. ಬೆಳೆ ಚಲೋ ಬಂದದ್ದಕ್ಕೆ ಹೋದ ವಾರ ಹತ್ತಿ ಬೀಜದ ಕಂಪನಿಯವರು ನಮ್ಮ ಮನೆಯವರನ್ನೂ ನನ್ನನ್ನೂ ಮುಂಬಯಿಗೆ ಕರೆದುಕೊಂಡು ಹೋಗಿದ್ದರು. ಸಂಜೆ ನಾಲ್ಕಕ್ಕೆ ಸಮುದ್ರದ ದಂಡೆಯ ದೊಡ್ಡ ಹೋಟೆಲಿನಲ್ಲಿ ಚಹಾ ಕುಡಿಸಿದರು. ಬೆಳ್ಳಿ ಕಿಟ್ಲಿ, ಮೂರು ಅಂತಸ್ತಿನ ತಟ್ಟೆಯ ತುಂಬ ಕೇಕು. ನಾನು ಕಪ್ಪಿನಿಂದ ಬಸಿಗೆ ಸುರುವಿಕೊಂಡೇ ಕುಡಿದೆ. ಚಹಾ ಅಗದಿ ಚಲೋ ಇತ್ತು.

ಬಿಳಿ ಕೋಟಿನವನು ಬಂದು ಕಿಟ್ಲಿ ತೋರಿಸಿ, ಇನ್ನೊಂದು ಕಪ್ಪು ಬೇಕೇ ಎಂದು ಕೇಳಿದ. ಕೈ ಅಡ್ಡ ಹಿಡಿದು "ಒಲ್ಲೆರಿ, ಸಾಕು" ಅಂದೆ. ಕಿಟ್ಲಿ, ಕೇಕು ಎಲ್ಲ ಎತ್ತಿಕೊಂಡು ಹೋಗಿಯೇಬಿಟ್ಟ! ಮೊದಲ ಸಲ ಕೇಳಿದಾಗಲೇ ಯಾರಾದರೂ ಹೂಂ ಅನ್ನುತ್ತಾರೆಯೇ?

"ಇಲ್ಲಿ ಒಲ್ಲೆ ಅಂದ್ರ ಒಲ್ಲೆ ಅಂತನ ತಿಳಕೋತಾರ" ಎಂದು ನಮ್ಮ ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ.

ಮೂರು ವರ್ಷದ ಹಿಂದೆ ಪಂಚಮಿಗೆ ಕರೆಯಲು ಬಂದಾಗ ನೀನೂ ಒಂದೇ ಸಲ ಕೇಳಿದೆ. ನಾನು "ಒಲ್ಲೆ" ಅಂದೆ. ಟೊಪ್ಪಿಗೆ ಹಾಕಿಕೊಂಡು ಬಸ್ಸು ಹಿಡಿದವನು ಮತ್ತೆ ಬರಲೇ ಇಲ್ಲ.

ಪಂಚಮಿಗೆ ಇನ್ನು ಇಪ್ಪತ್ತು ದಿನ. ಬಾ. ಈ ಸಲವೂ ನಾನು ಒಲ್ಲೆ ಅಂದೇನು, ಬಾಯಿಗೆ ರೂಢಿಯಾಗಿದೆ. ನೀನು ಏಳಬೇಡ, ಇನ್ನೊಮ್ಮೆ ಕೇಳು. ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿರುತ್ತೇನೆ.

ನಿನ್ನ ತಂಗಿ
ರೇವವ್ವ