ನೀರ್ಪರದಿ

ರಾಯಚೂರು
೮ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಗಳು ಕಾವ್ಯಾಳಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು.

ನಿನ್ನ ಸೊಂಟನೋವು ಈಗ ಹೇಗಿದೆ? ಅಳಿಯ ಶಿವರಾಜರ ಕೆಮ್ಮು ಇಳಿಯಿತೇ? ಮೊಮ್ಮಗಳು ಪುಟ್ಟಿ ಊಟಕ್ಕೆ ಹಟ ಮಾಡುತ್ತಿಲ್ಲವಷ್ಟೆ? ನಾನು ಕ್ಷೇಮ. ಮೊಣಕಾಲಿನ ಕುರಿತು ಬರೆಯುವಂಥದ್ದೇನಿಲ್ಲ.

ಮಾನ್ವಿಯ ನಿಮ್ಮ ಮನೆಯ ಕಿಟಕಿಯಲ್ಲಿ ಎರಡು ತೆಳು ಪರದೆಗಳು ಒಂದರ ಮೇಲೊಂದು ಬಿದ್ದು ಅಲೆಗಳು ಓಡುವ ವಿಡಿಯೋವನ್ನು ನೀನು ಮನೆಯವರ ಗುಂಪಿಗೆ ಕಳಿಸಿ, ಇದಕ್ಕೇನನ್ನುತ್ತಾರೆ ಎಂದು ಕೇಳಿದ್ದೆ. ಪದದ ಪ್ರಶ್ನೆ ನಮ್ಮ ಮನೆತನದಲ್ಲಿ ಯಾರಿಗೆ ಸಲ್ಲತಕ್ಕದ್ದೆಂದು ಎಲ್ಲರಿಗೂ ಗೊತ್ತು. ನಾನು ಕನ್ನಡಕ ಹುಡುಕಿ ನಿಘಂಟು ತೆರೆಯುವಷ್ಟರಲ್ಲಿ ನಿನ್ನ ಅತ್ತೆ ಬಸಲಿಂಗಮ್ಮನವರು ತಮ್ಮ ಅಕ್ಕಿ ಗಿರಣಿಯ ಸದ್ದಿನ ನಡುವೆಯೇ ಧ್ವನಿ ಸಂದೇಶ ಕಳಿಸಿದರು: "ನೀರ್ಪರದಿ ಅನ್ರಿ. ಅದಕ್ಯಾಕ ಅಷ್ಟು ತಲಿ ಕೆಡಿಸ್ಕೊಳ್ಳಾಕತ್ತೀರಿ." ಎಲ್ಲರೂ ಹೆಬ್ಬೆರಳು ಎತ್ತಿದರು. ನೀನು ಹೂವನ್ನೂ ಇಟ್ಟೆ.

ನೀರಿನ ಪರದೆಯಂತೆ! ಅದು ಪದವೇ ಅಲ್ಲ. ಒಂದರ ಮೇಲೊಂದು ಬಿದ್ದ ಗೆರೆಗಳಿಂದ ಹುಟ್ಟುವ ಮೂರನೆಯ ವಿನ್ಯಾಸಕ್ಕೆ ಮ್ವಾರೇ ಎಂದು ಹೆಸರು. ಫ್ರೆಂಚರು ನೀರಲೆಯ ಹೊಳಪು ಒತ್ತಿದ ರೇಷ್ಮೆಯನ್ನು ಹೀಗೆ ಕರೆದರು. ಅದರ ಹಿಂದೆ ಮೇಕೆಗೂದಲಿನ ಬಟ್ಟೆಗೆ ಇಂಗ್ಲಿಷರು ಬಳಸಿದ ಮೊಹೇರ್ ಎಂಬ ಹೆಸರಿದೆ; ಅದಕ್ಕೂ ಹಿಂದೆ ಅರಬ್ಬಿಯ ಮುಖಯ್ಯರ್, ಎಂದರೆ ಆರಿಸಿಕೊಂಡದ್ದು. ನಮ್ಮೂರಿನ ಮಾತಿನಲ್ಲಿರುವ ಇಖ್ತಿಯಾರ್, ಎಂದರೆ ಅಧಿಕಾರ, ಕೂಡ ಅದೇ ಬೇರಿನದೆಂದು ನೆರೆಮನೆಯ ಉರ್ದು ಶಿಕ್ಷಕಿ ಯಾಸ್ಮೀನ್ ಹೇಳಿದರು. ಇಷ್ಟು ದೂರದಿಂದ ಬಂದ ಪದವನ್ನು ಗಿರಣಿಯಲ್ಲಿ ಕುಳಿತು ಬದಲಿಸಲಾಗದು.

ಇದನ್ನೆಲ್ಲ ನಿನ್ನೆ ಫೋನಿನಲ್ಲಿ ಪುಟ್ಟಿಗೆ ವಿವರಿಸಿದೆ. "ಅಲ್ಲಬೇ ಆಯಿ, ಅದು ನೀರ್ಪರದಿ. ನಮ್ಮಾಯಿ ಹೇಳ್ಯಾಳ" ಎಂದಳು. ಅಜ್ಜಿಯರಿಬ್ಬರಲ್ಲಿ ಬಸಲಿಂಗಮ್ಮನವರು ನಮ್ಮಾಯಿ. ಹಾಗಾದರೆ ನಾನು ಯಾರ ಆಯಿ? ಅವಳ ತಲೆಗೆ ಎಣ್ಣೆ ಹಚ್ಚುವವರು ಅವರು, ತುತ್ತು ಇಡುವವರು ಅವರು. ನಾನೆಂದೂ ಆಕ್ಷೇಪಿಸಿಲ್ಲ, ಅವರಿಗೆ ಕೇಳುವಂತೆ. ಆದರೆ ವಿಜಯದಶಮಿಯಂದು ಅಕ್ಕಿಯ ತಟ್ಟೆಯಲ್ಲಿ ಅವಳ ಬೆರಳು ಹಿಡಿದು ಮೊದಲ ಅಕ್ಷರ ಬರೆಸುವವರು ಯಾರೆಂದು ನೀನು ಇನ್ನೂ ತಿಳಿಸಿಲ್ಲ. ದೇವದುರ್ಗದ ಶಾಲೆಯಲ್ಲಿ ಎಷ್ಟೋ ಮಕ್ಕಳ ಬೆರಳು ಹಿಡಿದ ಕೈ ಇದು. ನಿನ್ನದನ್ನೂ ಹಿಡಿದದ್ದು ಇದೇ.

ಅತ್ತೆ ಮಾವಂದಿರಿಗೆ ನನ್ನ ಶರಣು ತಿಳಿಸು. ಪುಟ್ಟಿಗೆ ಮುತ್ತು. ಮನೆ ತುಂಬಿರಲಿ.

ಇಂತು ನಿನ್ನ ತಾಯಿ
ಹಂಪಮ್ಮ

ತಾ.ಕ.: ಲಕೋಟೆ ಅಂಟಿಸುವಾಗಲೇ ಬಸಲಿಂಗಮ್ಮನವರ ಫೋನು ಬಂತು. "ಬೀಗತೇರ, ಕೂಸಿಗೆ ಅಕ್ಷರ ನೀವ ಬರಸಬೇಕ್ರಿ. ಅಕ್ಕಿ ಅಳಿಯೋ ಮಂದಿಗೆ ಅದೆಲ್ಲಾ ಏನು ತಿಳಿತದ" ಎಂದರು. ನೋಡಿ ತಿಳಿಸುವೆನೆಂದೆ. ಅವರು ಬಿಟ್ಟುಕೊಟ್ಟರೆಂದು ನಾನು ಪುಟ್ಟಿಯ ಬೆರಳು ಹಿಡಿಯಲಾರೆ. ನೀನೇ ನನ್ನನ್ನು ಕೇಳು, ಕಾವ್ಯಾ. ನೀನು ಕೇಳಿದರೆ ಹಬ್ಬದ ಹಿಂದಿನ ದಿನವೇ ಬಂದುಬಿಡುತ್ತೇನೆ.