ಗೋಸುಂಬೆಗೆ ಕೋಳಿಗೂಡು ಮಂಜೂರು ಮಾಡಿದವರಿಗೆ

ಜಿಲ್ಲೆಯ ಪ್ರಾಣಿ ಪರವಾನಗಿ ಅಧಿಕಾರಿಗಳಿಗೆ,

ಮಾನ್ಯರೇ, ಉಸಾಂಬರಾ ಬೆಟ್ಟದ ಬುಡದ ನಮ್ಮ ಊರಿನಲ್ಲಿ ಒಂದು ಹೆಣ್ಣು ಗೋಸುಂಬೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಸಾಯುವ ಹಂತಕ್ಕೆ ಬಂದಿದೆ. ಕಾರಣ ರೋಗವಲ್ಲ, ತಮ್ಮ ಸುತ್ತೋಲೆ.

"ಮೊಟ್ಟೆಯಿಡುವ ಪ್ರತಿಯೊಂದು ಸಾಕುಪ್ರಾಣಿಗೂ ನೆಲದಿಂದ ಎರಡಡಿ ಎತ್ತರದಲ್ಲಿ ಒಣಹುಲ್ಲಿನ ಪೆಟ್ಟಿಗೆ ಇರತಕ್ಕದ್ದು, ಪಂಜರದಲ್ಲಿ ಮಣ್ಣು ಇರತಕ್ಕದ್ದಲ್ಲ" ಎಂದು ಅದರಲ್ಲಿದೆ. ಕೋಳಿಗೆ ಬರೆದ ನಿಯಮ ಎಂಬುದು ಕೋಳಿಗೂ ತಿಳಿಯುತ್ತದೆ. ನಾಳೆ ಮೊಸಳೆಯನ್ನೂ ಹುಲ್ಲಿನ ಪೆಟ್ಟಿಗೆಗೆ ಹತ್ತಿಸುವಿರಾ? ಏಣಿ ಹಿಡಿಯುವವರು ಯಾರು?

ನನ್ನ ನೆರೆಯ ಬೀಬಿ ಸೆಮೇನಿ ಹನ್ನೊಂದು ವರ್ಷಗಳಿಂದ ಅಂಗಳದಲ್ಲಿ ಆರು ಪಂಜರ ಇಟ್ಟುಕೊಂಡಿದ್ದಾರೆ. ಶಾಲೆಯ ಮಕ್ಕಳು, ಪ್ರವಾಸಿಗರು ಗೋಸುಂಬೆ ನೋಡಲು ಬರುತ್ತಾರೆ. ಆಕೆಯ ಒಲೆ ಉರಿಯುವುದು ಅದರಿಂದ. ಪ್ರತಿ ಪಂಜರದಲ್ಲೂ ಮೊಣಕೈ ಆಳದ ಮಣ್ಣಿರುತ್ತಿತ್ತು. ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಥ ಮಣ್ಣು. ದಿನ ತುಂಬಿದ ಹೆಣ್ಣು ಕೊಂಬೆಯಿಂದಿಳಿದು ಸುರಂಗ ತೋಡುತ್ತದೆ, ಮೊಟ್ಟೆಯಿಟ್ಟು ಮುಚ್ಚಿ ಕಾಲಿನಿಂದ ತಟ್ಟಿ ಸಮ ಮಾಡುತ್ತದೆ. ಮಣ್ಣು ಸಿಗದಿದ್ದರೆ ಮೊಟ್ಟೆಯನ್ನು ಒಳಗೇ ತಡೆದಿಟ್ಟುಕೊಂಡು ಸಾಯುತ್ತದೆ. ಮಾರ್ಚ್‌ನಲ್ಲಿ ತಮ್ಮವರು ಮಣ್ಣು ಖಾಲಿ ಮಾಡಿಸಿ ಹಂಚು ಹಾಸಿಸಿದ ಮೇಲೆ ಎರಡು ಸತ್ತಿವೆ. ಒಂದನ್ನು ಬೀಬಿ ಬ್ಲೇಡಿನಿಂದ ಕೊಯ್ದು ನೋಡಿದರು. ಮೂವತ್ತನಾಲ್ಕು ಮೊಟ್ಟೆ.

ತಮ್ಮ ತಪಾಸಣಾಧಿಕಾರಿ ಬಂದಿದ್ದ ದಿನ ನಾನೂ ಅಲ್ಲಿದ್ದೆ. ಗೋಸುಂಬೆ ಕಂಡರೆ ಕೇಡು ಎಂದು ನಮ್ಮಲ್ಲಿ ಹೆದರದವರು ಕಡಿಮೆ. ಆತ ಪಂಜರಕ್ಕೆ ಬೆನ್ನು ಮಾಡಿ, ಮಾವಿನ ಮರದ ಕಡೆ ಮುಖ ಮಾಡಿ ನಿಂತು ವಿಚಾರಣೆ ಶುರುಮಾಡಿದ.

"ಬೀಬಿ, ಪೆಟ್ಟಿಗೆ ಇದೆಯಾ?"

"ತಿರುಗಿ ನೋಡಪ್ಪಾ, ಅದೇನು ನಿನ್ನ ನುಂಗಲ್ಲ."

"ನನ್ನ ಹೆಂಡ್ತಿಗೆ ಈಗ ಏಳು ತಿಂಗಳು. ನಾನು ನೋಡಲ್ಲ. ನೀವು ಹೇಳಿ, ನಾನು ಬರ್ಕೋತೀನಿ. ಹುಲ್ಲು ಒಣಗಿದೆಯಾ?"

"ಹುಲ್ಲೂ ಒಣಗಿದೆ, ಇವಳೂ ಒಣಗ್ತಿದಾಳೆ. ಮಣ್ಣು ಬೇಕು ಮಗಾ."

"ಮಣ್ಣು ಅಂದ್ರೆ ಗಲೀಜು. ಮೊಟ್ಟೆ ಇಡೋದಕ್ಕೆ ಪೆಟ್ಟಿಗೆ ಸಾಕು."

"ಹಾಗಾದ್ರೆ ಒಂದು ಪೆಟ್ಟಿಗೆ ನಿನ್ನ ಮನೆಗೂ ಒಯ್ಯಿ. ಹೆಂಡ್ತಿನ ಅದರಲ್ಲೇ ಹೆರಿಸು!"

ವರದಿಯಲ್ಲಿ "ಖುದ್ದು ಪರಿಶೀಲಿಸಲಾಗಿದೆ" ಎಂದಿದೆ. ಬೆನ್ನಿಗೂ ಕಣ್ಣಿರುವ ಸಿಬ್ಬಂದಿ ಎಲ್ಲ ಇಲಾಖೆಗೂ ಸಿಗುವುದಿಲ್ಲ, ಅಭಿನಂದನೆಗಳು. ಕದ್ದು ಒಂದು ಬಕೆಟ್ ಮಣ್ಣಿಟ್ಟರೆ ಪರವಾನಗಿ ರದ್ದು, ಆರು ಪಂಜರಗಳೂ ಜಪ್ತಿ ಎಂದು ತಾವು ಕೆಂಪು ಶಾಯಿಯಲ್ಲಿ ಬೇರೆ ಬರೆದಿದ್ದೀರಿ. ಅಧಿಕಾರಿಗಳನ್ನು ಗೋಸುಂಬೆಗೆ ಹೋಲಿಸುವ ಹಳೆಯ ಚಾಳಿ ನನಗಿಲ್ಲ. ಪಾಪ, ಈ ಸ್ಥಿತಿಯಲ್ಲಿ ಅದರ ಮನಸ್ಸು ನೋಯಿಸಬಾರದು.

ನನ್ನ ನೆನಪು ಸ್ವಲ್ಪ ಉದ್ದ. ೧೯೮೭ರಲ್ಲಿ ಇದೇ ಕಚೇರಿ ಶುಚಿತ್ವದ ಹೆಸರಿನಲ್ಲಿ ಜೇನುಪೆಟ್ಟಿಗೆಗಳ ಒಳಗೂ ಸುಣ್ಣ ಬಳಿಸಿತ್ತು. ಜೇನುಹುಳುಗಳು ಅರ್ಜಿ ಬರೆಯಲಿಲ್ಲ. ಪಕ್ಕದ ಜಿಲ್ಲೆಗೆ ಹೋದವು. ಪಂಜರದಲ್ಲಿರುವ ಗೋಸುಂಬೆಗೆ ಆ ಅನುಕೂಲವಿಲ್ಲ. ಮೊಟ್ಟೆ ಹೊತ್ತ ಮೂರನೆಯವಳು ಎರಡು ದಿನದಿಂದ ಮಿಡತೆ ಮುಟ್ಟಿಲ್ಲ, ಹಂಚನ್ನು ಕೆರೆದೂ ಕೆರೆದೂ ಉಗುರು ಸವೆಸಿಕೊಂಡಿದ್ದಾಳೆ.

ಸೋಮವಾರ ತಮ್ಮನ್ನು ಕಾಣಲು ಬಂದು ಮೂರು ಗಂಟೆ ಬೆಂಚಿನ ಮೇಲೆ ಕುಳಿತಿದ್ದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಬಾಗಿಲ ಪಕ್ಕ ಒಂದು ದೊಡ್ಡ ಹೂಕುಂಡವಿದೆ. ಬೇಸರಕ್ಕೆ ಅದರೊಳಗೆ ಕೈ ಇಳಿಸಿದೆ. ಮೊಣಕೈವರೆಗೂ ಇಳಿಯಿತು. ಹಿಡಿದೆ, ಉಂಡೆಯಾಯಿತು. ಹಿಂಡಿದೆ, ನೀರು ತೊಟ್ಟಿಕ್ಕಲಿಲ್ಲ. ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಹೆರಿಗೆಕೋಣೆ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ ಸಾಲಿನದು: "ಗೋಸುಂಬೆಯ ಪಂಜರದಲ್ಲಿ ಮಣ್ಣು ಇರಬಹುದು" ಎಂದು ಬುಧವಾರ ಸಂಜೆಯೊಳಗೆ ಬರೆದು ಸಹಿ ಹಾಕಿ. ಇಲ್ಲವಾದರೆ ಗುರುವಾರ ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಬೀಬಿ ಆ ಮೂರನೆಯವಳನ್ನು ತಂದು ಆ ಕುಂಡದಲ್ಲಿ ಬಿಡುತ್ತಾರೆ. ಅವಳು ಅಗೆಯುವಾಗ ಯಾರೂ ಇಣುಕಬಾರದು, ದಡದಡ ಮುದ್ರೆ ಒತ್ತುವುದನ್ನೂ ಆ ಹೊತ್ತು ನಿಲ್ಲಿಸಬೇಕು. ಮರಿಗಳು ಹೊರಬರಲು ಎಂಟು ತಿಂಗಳಾದರೂ ಹಿಡಿಯುತ್ತದೆ. ಅಲ್ಲಿಯವರೆಗೆ ಕುಂಡಕ್ಕೆ ದಿನವೂ ಈಗಿನಷ್ಟೇ ನೀರು ಹಾಕಿಸಬೇಕಾಗಿ ವಿನಂತಿ.

ಇಂತಿ,
ತಮ್ಮ ಕಚೇರಿಯಲ್ಲಿ ಉತ್ತರಕ್ಕಾಗಿ ಮಲಗಿರುವ ಹದಿನೇಳು ಅರ್ಜಿಗಳ ತಂದೆ,
ಹೆಮೇದಿ ಶೆಮ್ವೇತಾ
ನಿವೃತ್ತ ಭೂಗೋಳ ಮೇಷ್ಟ್ರು